ಆಫೀಸರ್ ವರ್ಲಾ ಅಡಗುವ ಜಾಗ

ದೀಪ ಆರಿಸಿದರೆ ಶಾಲೆಯ ಕಾರಿಡಾರ್ ಕೆರೆಯ ತಳದಂತಾಗುತ್ತಿತ್ತು. ಮಕ್ಕಳು ಕತ್ತರಿಸಿ ತೂಗುಬಿಟ್ಟ ಕಾಗದದ ಮೀನುಗಳು ಹೀಟರಿನ ಗಾಳಿಗೆ ಮೆಲ್ಲನೆ ತಿರುಗುತ್ತಿದ್ದವು. ಅವುಗಳ ಕೆಳಗೆ ಆಫೀಸರ್ ವರ್ಲಾ ಕೋಂಬ್ಸ್ ಹೆಜ್ಜೆಯಿಡುತ್ತಿದ್ದಳು. ಸೊಂಟದಲ್ಲಿ ಪಿಸ್ತೂಲು, ಜೇಬಿನ ಮೇಲೆ ಹಸಿರು ಕಪ್ಪೆಯ ಸ್ಟಿಕ್ಕರು. ಇಷ್ಟು ಮಕ್ಕಳಿದ್ದ ಕಟ್ಟಡದಲ್ಲಿ ಒಂದು ಕೆಮ್ಮೂ ಇಲ್ಲ.

ಅಮೆರಿಕದ ಕೆಂಟಕಿಯ ಆ ಗುಡ್ಡದೂರಿನ ಶಾಲೆಗೆ ಪೊಲೀಸ್ ಇಲಾಖೆ ಅವಳನ್ನು ಕಾವಲಿಗೆ ಹಾಕಿತ್ತು. ಕಳ್ಳರಿಗೆ ಕೋಳ ತೊಡಿಸಿದ ಕೈ ಈಗ ಪುಟಾಣಿ ಶೂಗಳ ದಾರ ಕಟ್ಟುತ್ತಿತ್ತು. ಈ ಬದುಕು ಅವಳಿಗೆ ಪ್ರಾಣಕ್ಕಿಂತ ಹೆಚ್ಚಾಗಿತ್ತು. ಹಿಡಿಸದ್ದು ಇದೊಂದೇ, ಶಾಲೆಗೆ ಬಂದೂಕಿನವನು ನುಗ್ಗಿದರೆ ಏನು ಮಾಡಬೇಕೆಂದು ದೀಪ ಆರಿಸಿ ನಡೆಸುವ ಅಣಕು ತಾಲೀಮು, ಡ್ರಿಲ್. ಮಕ್ಕಳು ಬೀಗ ಹಾಕಿದ ಕೋಣೆಯ ಮೂಲೆಯಲ್ಲಿ ಅಡಗಬೇಕು. ಅವರನ್ನು ಪರೀಕ್ಷಿಸಲು ವರ್ಲಾ ಪ್ರತಿ ಬಾಗಿಲನ್ನೂ ತಟ್ಟಿ, ತೆಗೆಯಿರೆಂದು ಬೇಡಬೇಕು. ಯಾರೂ ತೆಗೆಯಕೂಡದು, ಉಸಿರೆತ್ತಕೂಡದು. ನಿಜವಾದ ಪೊಲೀಸರ ಬಳಿ ಕೀಲಿ ಇರುತ್ತದೆ, ಅವರು ತಟ್ಟುವುದಿಲ್ಲ ಎಂಬುದು ಪಾಠ.

ಹೋದ ಸಲ ಒಂದನೇ ತರಗತಿಯ ಟಿಲ್ಲಿ ತೆಗೆದುಬಿಟ್ಟಿದ್ದಳು. ದಿನಾ ಬೆಳಿಗ್ಗೆ ವರ್ಲಾಳ ಜೇಬಿಗೆ ಕಪ್ಪೆ ಅಂಟಿಸುವವಳು ಅವಳೇ. ವರ್ಲಾಳ ದನಿ ಕೇಳಿದ್ದೇ ತಡ, ಟೀಚರ ಕೈ ಕೊಸರಿಕೊಂಡು ಓಡಿಬಂದು, ಬಾಗಿಲು ತೆರೆದು ಸೊಂಟ ತಬ್ಬಿದ್ದಳು.

"ಎಲ್ಲಾ ನಿನ್ನಿಂದ ಕಣೇ," ಟೀಚರ್ ಹಾಸ್ಕಿನ್ಸ್ ವರ್ಲಾಳ ಮೇಲೆ ಸಿಡುಕಿದ್ದರು. "ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದ್ದೀಯ."

"ಮತ್ತೇನು, ಮಕ್ಕಳನ್ನ ನೋಡಿ ಗುರ್ ಅನ್ಲಾ ಮೇಡಂ?"

"ಅನ್ನು! ನಾಳೆ ಯಾವನೋ ನಿನ್ನ ತಲೆಗೆ ಬಂದೂಕಿಟ್ಟು 'ಕೂಗು' ಅಂದ್ರೆ? ಈ ಮಗು ತೆಗೆಯುತ್ತೆ. ಆಮೇಲೆ ಎಲ್ಲರ ಕಥೆ ಮುಗೀತು."

ಆ ಮಧ್ಯಾಹ್ನ ಊಟದ ಹಾಲಿನಲ್ಲಿ ವರ್ಲಾ ಟಿಲ್ಲಿಯ ಪಕ್ಕ ಕೂತಳು.

"ನಾನೇ ಕರೆದ್ರೂ ತೆಗೀಬಾರ್ದು ಚಿನ್ನಾ. ಅತ್ರೂ ತೆಗೀಬಾರ್ದು."

ಟಿಲ್ಲಿ ಕೋಳಿಯ ತುಂಡನ್ನು ಕೆಚಪ್‌ಗೆ ಅದ್ದುತ್ತ ಯೋಚಿಸಿದಳು. "ಮತ್ತೆ ನೀನೆಲ್ಲಿ ಬಚ್ಚಿಟ್ಕೋತೀಯ?"

"ನಾನು ಬಚ್ಚಿಟ್ಕೊಳ್ಳಲ್ಲ. ಹೊರಗಿರೋದೇ ನನ್ ಕೆಲ್ಸ."

ಟಿಲ್ಲಿ ಆ ತುಂಡನ್ನು ತಿನ್ನಲೇ ಇಲ್ಲ.

ಇವತ್ತು ಮತ್ತೆ ಅದೇ ಬಾಗಿಲು. ವರ್ಲಾ ತಟ್ಟಿದಳು. ಮಗು ತೆಗೆಯದಿರಲಿ ಎಂದು ಬೇಡಿಕೊಂಡಳು. ಮನಸ್ಸಿನ ಯಾವುದೋ ಮೂಲೆ ಮಾತ್ರ ತೆಗೆಯಲಿ ಎನ್ನುತ್ತಿತ್ತು, ಹಾಳು ಮನಸ್ಸು.

"ಟಿಲ್ಲಿ, ನಾನು ವರ್ಲಾ. ಬಾಗಿಲು ತೆಗಿ."

ಸದ್ದಿಲ್ಲ. ಹಿಡಿಕೆ ಅಲುಗಾಡಿಸಿದಳು.

"ನಂಗೆ ಭಯ ಆಗ್ತಿದೆ ಚಿನ್ನಾ. ಒಳಗೆ ಬಿಡು."

ಒಳಗೆ ಏನೋ ತೆವಳಿದ ಸದ್ದು. ಬಾಗಿಲ ಕೆಳಗಿನ ಸಂದಿಯಿಂದ ಪಿಸುದನಿ ಬಂತು.

"ತೆಗೆಯಲ್ಲ. ಮೀನು ಮುಗಿಯೋ ಕಡೆ ಪೊರಕೆ ರೂಮಿದೆ. ಅದಕ್ಕೆ ಬೀಗ ಹಾಕಲ್ಲ. ಅಲ್ಲಿಗೆ ಓಡು. ನಿಂಗೇ ಅಂತ ನೋಡಿಟ್ಟಿದ್ದೀನಿ."

ಪಿಸುಗುಟ್ಟಿದರೂ ತರಗತಿ ಫೇಲೆಂದು ನಿಯಮ. ವರ್ಲಾ ರೇಡಿಯೋದಲ್ಲಿ, "ಒಂದನೇ ತರಗತಿ, ಪಾಸು," ಅಂದಳು.

ಮೀನುಗಳ ಕೆಳಗೆ ಕೊನೆಯವರೆಗೆ ನಡೆದು ಪೊರಕೆಯ ಕೋಣೆಯ ಬಾಗಿಲು ನೂಕಿದಳು. ಬಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿ ಒಬ್ಬರು ನಿಲ್ಲುವಷ್ಟು ಜಾಗ ಮಾಡಲಾಗಿತ್ತು. ಗೋಡೆಯಲ್ಲಿ, ಟಿಲ್ಲಿಯ ಕೈಗೆಟಕುವ ಎತ್ತರದಲ್ಲಿ, ಹಸಿರು ಕಪ್ಪೆಯೊಂದು ಅಂಟಿಕೊಂಡಿತ್ತು.

ವರ್ಲಾ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಡ್ರಿಲ್ ಮುಗಿದು ದೀಪ ಹತ್ತುವವರೆಗೂ ಅಲ್ಲೇ ಅಳುತ್ತ ನಿಂತಿದ್ದಳು.