ಹಿಂದಿನ ಸೀಟಿನಲ್ಲಿ ಟಿಯಾನಿ

ನನ್ನ ಮೊಮ್ಮಗಳು ಟಿಯಾನಿಗೆ ನಾಲ್ಕು ವರ್ಷ. ಅವಳನ್ನು ಸಾವ್ ಪೇಟೆಯ ಶಾಲೆಗೆ ಕರೆದೊಯ್ಯಲು ಪೀಟರ್ಸ್‌ಫೀಲ್ಡಿನ ಯಾವ ಟ್ಯಾಕ್ಸಿಯವನೂ ಒಪ್ಪುತ್ತಿರಲಿಲ್ಲ. ಹಿಂದಿನ ಸೀಟಿಗೆ ನಾಲ್ವರನ್ನು ತುರುಕುವ ಗಾಡಿಗಳವು. ಮಕ್ಕಳು ಯಾರದಾದರೂ ತೊಡೆಯ ಮೇಲೆ ಅಲುಗದೆ ಕೂರಬೇಕು. ಟಿಯಾನಿ ಒಮ್ಮೆ ಓಡುವ ಗಾಡಿಯ ಬಾಗಿಲು ತೆಗೆದಿದ್ದಳು, ಇನ್ನೊಮ್ಮೆ ಪಾದ್ರಿಯ ಹೆಂಡತಿಯ ಟೋಪಿಯನ್ನು ಕಿಟಕಿಯಾಚೆ ಎಸೆದಿದ್ದಳು. ಇಲ್ಲ ಅನ್ನದೆ ಉಳಿದ ಡ್ರೈವರ್ ಲೆನ್ಸ್‌ಫರ್ಡ್ ಒಬ್ಬನೇ.

"ಸೋಮವಾರ ಒಂದ್ಸಲ ನೋಡ್ತೀನಿ. ಅವತ್ತೂ ಕುಣಿದ್ರೆ ಬೇರೆ ಗಾಡಿ ನೋಡ್ಕೊಳಿ" ಅಂದಿದ್ದ.

ಬೇರೆ ಗಾಡಿ ಎಲ್ಲಿತ್ತು? ಬೆಳಗಾದರೆ ನಾನು ಹೋಟೆಲಿನ ಒಲೆ ಹೊತ್ತಿಸಬೇಕು. ಮಗು ಮನೆಯಲ್ಲಿ ಉಳಿದರೆ ನನ್ನ ಮಗಳು ಶೆರ್ನೆಟ್ ಕೆಲಸ ಬಿಡಬೇಕಿತ್ತು. ಅವಳ ಕೆಲಸ ಟ್ಯಾಕ್ಸಿ ನಿಲ್ದಾಣದಲ್ಲಿ ಸಾವ್, ನೆಗ್ರಿಲ್ ಎಂದು ದೂರದ ಊರುಗಳ ಹೆಸರು ಕೂಗಿ ಜನರನ್ನು ಹತ್ತಿಸುವುದು. ಮನೆಯಲ್ಲೂ ಅದೇ ಧಾಟಿ: "ಶೂ ಹಾಕ್ಕೋ, ಚೀಲ ತಗೋ, ಬಾಯಿ ಒರೆಸ್ಕೋ, ನಾಯಿ ಬಿಡು, ಹೊರಡು." ಅಷ್ಟು ಮಾತಿನಲ್ಲಿ ಮಗುವಿಗೆ ಕೇಳಿಸುತ್ತಿದ್ದದ್ದು 'ನಾಯಿ' ಮಾತ್ರ. ಅದರ ಹಿಂದೆ ಓಡುತ್ತಿತ್ತು.

ಇಂಥ ಮಕ್ಕಳ ತಾಯಂದಿರಿಗೆ ಆರೋಗ್ಯ ಕೇಂದ್ರದಲ್ಲಿ ಶನಿವಾರ ತರಗತಿ ನಡೆಯುತ್ತದೆ. ಹತ್ತಿರ ಹೋಗಿ ಹೇಳಬೇಕು, ಒಂದು ಸಲಕ್ಕೆ ಒಂದೇ ಮಾತು, ಮಾಡಿದ ಕೂಡಲೇ ಮಾಡಿದ್ದನ್ನು ಹೇಳಿ ಹೊಗಳಬೇಕು ಎಂದು ಶೆರ್ನೆಟ್ ಕಲಿತು ಬಂದಳು.

"ಹೊಗಳಿದ್ರೆ ತಲೆ ಮೇಲೆ ಕೂರ್ತಾಳೆ" ಅಂದೆ.

"ಈಗೆಲ್ಲಿ ಕೂತಿದಾಳಮ್ಮ?"

ಸೋಮವಾರ ಒಲೆಗೆ ಅರ್ಧ ದಿನ ರಜೆ ಹೇಳಿ ನಾನೂ ಹೊರಟೆ; ಟಿಯಾನಿ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ಶೆರ್ನೆಟ್, ಆಚೆ ಸೊಪ್ಪಿನ ಬುಟ್ಟಿಯೊಂದಿಗೆ ಮಾರುಕಟ್ಟೆಯ ಐವೆರಿನ್. ಗಾಡಿ ಹೊರಟಿತೋ ಇಲ್ಲವೋ, ಮಗುವಿನ ಕೈ ಬಾಗಿಲ ಹಿಡಿಗೆ ಹೋಯಿತು. ಶೆರ್ನೆಟ್ ಕೂಗಲು ಉಸಿರೆಳೆದವಳು ತಡೆದುಕೊಂಡು, ಬಗ್ಗಿ ಮಗುವಿನ ಕಿವಿಯ ಬಳಿ ಹೇಳಿದಳು: "ಅಜ್ಜಿ ಕೈ ಹಿಡ್ಕೋ." ಕಾದಳು. ಕಾಯುವುದು ನಮ್ಮ ಮನೆತನದಲ್ಲಿ ಇಲ್ಲ. ಆದರೂ ಪುಟ್ಟ ಕೈ ನನ್ನ ಕೈಗೆ ಬಂತು.

"ಅಜ್ಜಿ ಕೈ ಹಿಡ್ಕೊಂಡ್ಯಲ್ಲ, ಜಾಣೆ!"

ಹೊಗಳಿಕೆ ಮಾತ್ರ ನಿಲ್ದಾಣದ ದನಿಯಲ್ಲೇ ಬಂತು. ಲೆನ್ಸ್‌ಫರ್ಡ್ ಗಕ್ಕನೆ ಗಾಡಿ ನಿಲ್ಲಿಸಿದ.

"ಯಾರ್ ಇಳೀಬೇಕು?"

"ಯಾರೂ ಇಲ್ಲಪ್ಪ, ಮಗೂನ ಹೊಗಳ್ತಿದಾಳೆ" ಅಂದೆ.

"ಮಗು ಪಕ್ಕದಲ್ಲೇ ಇದೆ ತಾಯಿ, ನೆಗ್ರಿಲ್‌ನಲ್ಲಿಲ್ಲ."

"ಚೆನ್ನಾಗಿ ಬ್ರೇಕ್ ಹಾಕ್ದೆ ಕಣೋ, ನೀನೂ ಜಾಣ" ಅಂದಳು ಐವೆರಿನ್.

ಎಲ್ಲರೂ ನಕ್ಕರು. ನಗು ಕೇಳಿದ್ದೇ ಟಿಯಾನಿ ಜಾರಿಕೊಂಡು ಒಂದು ಕಾಲನ್ನು ಸೊಪ್ಪಿನ ಬುಟ್ಟಿಯೊಳಗೆ ಇಟ್ಟಳು. ಕನ್ನಡಿಯಲ್ಲಿ ಲೆನ್ಸ್‌ಫರ್ಡನ ಹುಬ್ಬು ಏರಿತು. ಮುಗಿಯಿತು ಅಂದುಕೊಂಡೆ. ಬೈಯಲು ಬಾಯಿ ತೆರೆದ ಐವೆರಿನ್‌ಳ ಮಂಡಿಯನ್ನು ಶೆರ್ನೆಟ್ ಮೆಲ್ಲಗೆ ಒತ್ತಿದಳು.

"ಅಜ್ಜಿ ತೊಡೆ ಮೇಲೆ ಕೂತ್ಕೋ."

ಮಗು ಸೊಪ್ಪು ನೋಡಿತು, ಅಮ್ಮನನ್ನು ನೋಡಿತು. ಬುಟ್ಟಿಯಿಂದ ಕಾಲು ತೆಗೆಯಿತು. ಹತ್ತಿ ಕೂತಿತು.

"ಹೇಳಿದ್ ತಕ್ಷಣ ಕೂತ್ಯಲ್ಲ" ಎಂದಳು ಶೆರ್ನೆಟ್, ಈ ಸಲ ಪಿಸುದನಿಯಲ್ಲಿ.

ಆಮೇಲೆ ದಾರಿಯುದ್ದಕ್ಕೂ ಟಿಯಾನಿಯದು ಒಂದೇ ಪಾಠ: "ನಾನು ಕೂತಿದೀನಿ."

"ನೋಡ್ತಿದೀನಿ ಕಂದ" ಎಂದು ಐವೆರಿನ್ ಪ್ರತಿ ಸಲವೂ ಉತ್ತರ ಕೊಟ್ಟಳು, ಸೊಪ್ಪು ಕೊಡವುತ್ತ.

ಶಾಲೆಯ ಗೇಟಿನ ಬಳಿ ಗಾಡಿ ನಿಂತಿತು. ಟೀಚರ್ ಬಂದು ಮಗುವನ್ನು ಕರೆದುಕೊಂಡು ಹೋದರು. ಲೆನ್ಸ್‌ಫರ್ಡ್ ಹಿಂದೆ ತಿರುಗಿ ನೋಡದೆ ಹೇಳಿದ, "ನಾಳೆ ಸರಿಯಾದ ಹೊತ್ತಿಗೆ ನಿಂತಿರಿ. ನಾನು ಯಾರಿಗೂ ಕಾಯಲ್ಲ."

"ಇಳಿಯೇ" ಅಂದೆ ಮಗಳಿಗೆ.

"ಸ್ವಲ್ಪ ಇರಮ್ಮ. ಅವಳು ಬಾಗಿಲು ದಾಟೋದು ನೋಡ್ತೀನಿ."

ಲೆನ್ಸ್‌ಫರ್ಡ್ ಎಂಜಿನ್ ಆರಿಸಿದ.