ಮೈನ್ ಪೆಟ್ಟಿಗೆಯ ಬಾಗಿಲು

"ನಡುವೆ ಎಲ್ಲಾದ್ರೂ ಆಫ್ ಆಗಿತ್ತಾ, ಇಲ್ವಾ? ಅದೊಂದು ಹೇಳಿಬಿಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಳು ಸ್ಕ್ರೂ ಅಕ್ಕ.

ಆ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ಬೇರೇನೋ ದೊಡ್ಡ ಹೆಸರಿತ್ತು. ಆದರೆ ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸದಿಂದ ಯಜಮಾನಿಗೆ ಈ ಹೆಸರು ಅಂಟಿತ್ತು, ಅಂಗಡಿಗೂ ಅದೇ ಆಗಿಹೋಗಿತ್ತು. ಇಷ್ಟು ವರ್ಷದಲ್ಲಿ ಒಂದನ್ನೂ ನುಂಗಿಲ್ಲ ಎಂಬುದು ಅವಳ ಹೆಮ್ಮೆ.

ಪ್ರಶ್ನೆ ಕೇಳಿದ್ದು ಲ್ಯಾಪ್‌ಟಾಪ್ ತಂದ ಮಗಳನ್ನು. ಒಂದು ಹೆಜ್ಜೆ ಹಿಂದೆ ಸರಿದದ್ದು ಅವಳ ಪಕ್ಕದಲ್ಲಿ ನಿಂತಿದ್ದ ಅಪ್ಪ. ಕರೆಂಟ್ ಕಂಬ ಹತ್ತುವ ಕೆಲಸದಿಂದ ನಿವೃತ್ತನಾಗಿ ಒಂಬತ್ತು ವರ್ಷವಾಗಿದ್ದರೂ ಬೀದಿಗೆಲ್ಲ ಅವನು ಇನ್ನೂ ಲೈನ್‌ಮನ್ನೇ.

"ಆಫ್ ಆಗಿಲ್ಲ," ಎಂದಳು ಮಗಳು. "ಬೆಳಿಗ್ಗೆ ಅಪ್‌ಡೇಟ್ ಶುರುವಾಯ್ತು. ಅರವತ್ತೊಂದು ಪರ್ಸೆಂಟ್ ಅಂತ ತೋರಿಸ್ತಿತ್ತು. ನಕ್ಷೆಗಳ ಪ್ರಿಂಟ್ ಕೇಳ್ಕೊಂಡು ಬರೋಣ ಅಂತ ಎದುರಿನ ಅಂಗಡಿಗೆ ಹೋದೆ. ಬಂದು ನೋಡಿದ್ರೆ ಹೀಗೆ, ಬರೀ ಚಕ್ರ ತಿರುಗುತ್ತೆ, ಕಪ್ಪಾಗುತ್ತೆ, ಮತ್ತೆ ಚಕ್ರ. ಅಪ್ಪ ಮನೇಲೇ ಇದ್ದ. ಕರೆಂಟ್ ಹೋಗಿದ್ರೆ ಅವನಿಗೆ ಗೊತ್ತಾಗದೆ ಇರುತ್ತಾ?"

ಲೈನ್‌ಮನ್ ತಲೆ ಎತ್ತಿ ಅಂಗಡಿಯ ಫ್ಯಾನು ನೋಡಿದ. ಬೆಳಿಗ್ಗೆ ಮಗಳು ಇದನ್ನೇ ಕೇಳಿದಾಗಲೂ ಅವನು ಫ್ಯಾನು ನೋಡುತ್ತಲೇ ನಿಂತಿದ್ದ.

ನಡೆದದ್ದು ಇಷ್ಟು. ಬಚ್ಚಲಿನ ಬಲ್ಬು ಸುಟ್ಟುಹೋಗಿತ್ತು. ಲೋಕದಲ್ಲಿ ಎಲ್ಲರೂ ಬಲ್ಬನ್ನು ಗೋಡೆಯ ಸ್ವಿಚ್ ಆರಿಸಿ ಬದಲಾಯಿಸುತ್ತಾರೆ. ಲೈನ್‌ಮನ್ ಮಾತ್ರ ಇಡೀ ಮನೆಯ ಕರೆಂಟ್ ಕಡಿಯುವ ಮೈನ್ ಸ್ವಿಚ್ ತೆಗೆಯದೆ ಒಂದು ಹೋಲ್ಡರನ್ನೂ ಮುಟ್ಟಿದವನಲ್ಲ. ಕೆಳಗೆ ನಿಂತವನು ಲೈನ್ ಆಫ್ ಮಾಡಲು ಮರೆತದ್ದರಿಂದ ಕಂಬದ ಮೇಲೇ ಸುಟ್ಟುಹೋದ ಜೊತೆಗಾರನನ್ನು ಇಳಿಸಿದ ಕೈ ಅವನದು. ಅಂದಿನಿಂದ ಮನೆಯಲ್ಲಿ ಒಂದು ಕಟ್ಟಳೆ: ಮೈನ್ ತೆಗೆಯುವವನು ಮೊದಲು "ಮೈನ್ ತೆಗೀತಿದ್ದೀನಿ" ಎಂದು ಕೂಗಬೇಕು, ಮನೆಯಲ್ಲಿದ್ದವರೆಲ್ಲ "ಹೂಂ" ಅನ್ನುವವರೆಗೆ ಕೈ ತಡೆಯಬೇಕು. ಇವತ್ತು ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು, ಮಗಳು ಹೊರಗೆ ಹೋಗಿದ್ದಳು. ಖಾಲಿ ಮನೆಗೆ ಕೂಗುವುದೇನು ಎಂದು ಹಿಡಿ ಎಳೆದುಬಿಟ್ಟ.

ಎಳೆದ ಮರುಕ್ಷಣ ನೆನಪಾಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿದೆ, ಇದು ಅಪಾಯ, ಎಂದು ಹೋದ ತಿಂಗಳು ಅದನ್ನು ಬಿಚ್ಚಿ ಬಿಸಾಡಿದವನೂ ತಾನೇ. ಆ ಯಂತ್ರಕ್ಕೆ ಉಸಿರು ಅಂತ ಇದ್ದದ್ದು ಗೋಡೆಯ ವೈರಿನಿಂದ ಮಾತ್ರ. ಬಲ್ಬು ಬಿಟ್ಟು ಹಿಡಿಯನ್ನು ಮತ್ತೆ ಮೇಲೆ ತಳ್ಳಿದ, ಆದರೆ ತಡವಾಗಿತ್ತು.

"ಯಾಕೆ ಇಷ್ಟು ಒತ್ತಿ ಕೇಳ್ತೀನಿ ಅಂದ್ರೆ, ಮೇಡಂ," ಎಂದು ಸ್ಕ್ರೂ ಅಕ್ಕ ಮಾತು ಮುಂದುವರಿಸಿದಳು. "ಅಪ್‌ಡೇಟ್ ಅಂದ್ರೆ ಮನೆ ಬದಲಾಯಿಸಿದ ಹಾಗೆ. ಸಾಮಾನು ಸಾಗಿಸ್ತಿರುವಾಗ ಲಾರಿ ನಡುದಾರಿಲಿ ನಿಂತ್ರೆ ಒಲೆ ಇಲ್ಲಿ, ಪಾತ್ರೆ ಅಲ್ಲಿ. ಅಷ್ಟೇ ಆಗಿದ್ರೆ ಸಾಮಾನನ್ನ ವಾಪಸ್ ಹಳೇ ಮನೆಗೇ ತಂದಿಡ್ತೀನಿ, ನಿಮ್ಮ ಫೈಲ್ ಒಂದೂ ಹಾಳಾಗಲ್ಲ. ಆದ್ರೆ ಲಾರಿ ನಿಲ್ಲದೇನೇ ಹೀಗಾಗಿದೆ ಅಂದ್ರೆ ಡಿಸ್ಕೇ ಸಾಯ್ತಿದೆ ಅಂತ ಅರ್ಥ. ಆಗ ನಾನು ಒಂದು ಸಲ ಆನ್ ಮಾಡಿದ್ರೂ ಇನ್ನಷ್ಟು ಸಾಯುತ್ತೆ. ಹೊರಗಿನ ಲ್ಯಾಬಿಗೆ ಕಳಿಸ್ಬೇಕು. ಎಂಟು ದಿನ."

ಎಂಟು ದಿನ ಎಂಬ ಮಾತು ಕೇಳಿ ಮಗಳು ಸ್ಟೂಲಿನ ಮೇಲೆ ಕುಳಿತಳು. ಹನ್ನೊಂದು ವರ್ಷ ಅವಳು ಬೇರೆಯವರ ಕಚೇರಿಯಲ್ಲಿ ಬೇರೆಯವರ ಹೆಸರಿನ ಕಟ್ಟಡಗಳಿಗೆ ನಕ್ಷೆ ಎಳೆದಿದ್ದಳು. ತನ್ನದೇ ಹೆಸರು ಮೂಲೆಯಲ್ಲಿ ಇರುವ ಮೊದಲ ನಕ್ಷೆ ಇದು, ಕಿವಿ ಕೇಳದ ಮಕ್ಕಳ ಒಂದು ಸಣ್ಣ ಶಾಲೆ. ಮಕ್ಕಳು ಕೈಯಲ್ಲೇ ಮಾತಾಡುತ್ತ ನಡೆಯುವವರು, ಮೆಟ್ಟಿಲು ಎಡವುತ್ತಾರೆ, ಎಲ್ಲ ಕಡೆ ಇಳಿಜಾರು ಬೇಕು ಎಂದು ಸಮಿತಿಯವರು ಹೇಳಿದ್ದರು. ಒಂಬತ್ತು ದಿನ ಕೂತು ಬದಲಾಯಿಸಿದ್ದಳು. ಪೆನ್‌ಡ್ರೈವಿನಲ್ಲಿ ಇದ್ದದ್ದು ಮೆಟ್ಟಿಲಿನ ಹಳೆಯ ನಕ್ಷೆ. ಸಮಿತಿ ಸೇರುವುದು ಇವತ್ತು ಮೂರು ಗಂಟೆಗೆ. ಬರದವರ ನಕ್ಷೆ ಬಿಟ್ಟು ಬೇರೆಯವರದನ್ನು ಆರಿಸುತ್ತಾರೆ. ಈಗ ಗಡಿಯಾರದಲ್ಲಿ ಹನ್ನೆರಡೂ ನಲವತ್ತು.

"ಆಫ್ ಆಗದೇ ಇದ್ರೆ ನಾನು ಕೈ ಹಾಕಲ್ಲಪ್ಪ," ಎಂದು ಸ್ಕ್ರೂ ಅಕ್ಕ ಚೀಟಿಯ ಪುಸ್ತಕ ಎಳೆದುಕೊಂಡಳು. ಲ್ಯಾಬಿಗೆ ಕಳಿಸುವ ಚೀಟಿ. ಫೋನ್ ನಂಬರು ಕೇಳಿದಳು. ಮಗಳು ಸಣ್ಣ ದನಿಯಲ್ಲಿ ಹೇಳತೊಡಗಿದಳು. ಪೆನ್ನು ಒಂದೊಂದೇ ಅಂಕಿ ಬರೆಯುತ್ತಿತ್ತು. ಮರೆತೆ ಎಂಬ ಮಾತು ಅವನ ಬಾಯಲ್ಲಿ ಈವರೆಗೆ ಬಂದದ್ದಿಲ್ಲ. ಮರೆತವರನ್ನು ಬೈದದ್ದಕ್ಕೆ ಮಾತ್ರ ಲೆಕ್ಕವಿಲ್ಲ.

"ಮೈನ್ ತೆಗೆದಿದ್ದೆ," ಎಂದ.

ಇಬ್ಬರೂ ತಿರುಗಿದರು.

"ನಾನೇ. ಬಚ್ಚಲ ಬಲ್ಬಿಗೆ. ಕೂಗಲಿಲ್ಲ."

ಸ್ಕ್ರೂ ಅಕ್ಕ ತುಟಿಯಲ್ಲಿ ಕಚ್ಚಿದ್ದ ಸ್ಕ್ರೂಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಗಿರಾಕಿಯ ಎದುರು ಅವಳು ಹಾಗೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

"ಎಷ್ಟು ಹೊತ್ತಿಗೆ?" ಎಂದಳು ಮಗಳು.

"ಹತ್ತೂವರೆಗೆ."

ಮಗಳು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಅಪ್ಪನನ್ನು. "ಎರಡು ಗಂಟೆ ದಂಡವಾಯ್ತು," ಎಂದಷ್ಟೇ ಹೇಳಿದಳು. ಅವಳು ಕಿರುಚಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಸ್ಕ್ರೂ ಅಕ್ಕ ಚೀಟಿ ಹರಿದು ಬುಟ್ಟಿಗೆ ಹಾಕಿದಳು. "ಯಜಮಾನ್ರೇ, ಇದನ್ನ ಬಂದ ತಕ್ಷಣ ಹೇಳಿದ್ರೆ ನಿಮಗೆ ಕುರ್ಚಿ ಕೊಡ್ತಿದ್ದೆ. ಈಗ ನಿಂತೇ ಇರಿ," ಎನ್ನುತ್ತ ತನ್ನದೊಂದು ಪೆನ್‌ಡ್ರೈವ್ ಚುಚ್ಚಿ ಲ್ಯಾಪ್‌ಟಾಪನ್ನು ಅದರಿಂದಲೇ ಎಬ್ಬಿಸಿದಳು. ನೀಲಿ ಪರದೆ ಬಂತು. ಒಂದೆರಡು ಕಡೆ ಒತ್ತಿದಳು. ಅಲ್ಲಿಗೇ ಅವಳ ಕೈ ನಿಂತಿತು.

ಡಿಸ್ಕಿಗೆ ಬೀಗವಿತ್ತು. ಒಳಗೆ ಹೋಗಬೇಕಾದರೆ ನಲವತ್ತೆಂಟು ಅಂಕಿಯ ನಂಬರು ಹಾಕಬೇಕು. ಎಂಟು ಗುಂಪು, ಗುಂಪಿಗೆ ಆರು ಅಂಕಿ. ಅದಿಲ್ಲದೆ ದೇವರು ಬಂದರೂ ಬಾಗಿಲು ತೆರೆಯುವುದಿಲ್ಲ ಎಂದಳು ಸ್ಕ್ರೂ ಅಕ್ಕ. ಲ್ಯಾಪ್‌ಟಾಪ್ ಕೊಂಡಾಗ ಆ ನಂಬರನ್ನು ಒಂದು ಹಾಳೆಯಲ್ಲಿ ಪ್ರಿಂಟ್ ತೆಗೆದಿದ್ದೆ, ಜೋಪಾನವಾಗಿಡು ಎಂದು ಅಪ್ಪನಿಗೆ ಕೊಟ್ಟಿದ್ದೆ ಎಂದಳು ಮಗಳು. ಈ ಸಲ ಅವನ ಕಡೆ ತಿರುಗದೆಯೇ ಹೇಳಿದಳು.

ಹಾಳೆ ಎಲ್ಲಿ ಹೋಯಿತೋ ಲೈನ್‌ಮನ್ನನಿಗೆ ಗೊತ್ತಿರಲಿಲ್ಲ. ಹಾಳೆಯ ಮೇಲೆ ಅವನಿಗೆ ಎಂದೂ ನಂಬಿಕೆ ಇರಲಿಲ್ಲ. ಮನೆಯ ಮುಖ್ಯವಾದ ನಂಬರುಗಳನ್ನೆಲ್ಲ ಅವನು ಮೈನ್ ಪೆಟ್ಟಿಗೆಯ ಮರದ ಬಾಗಿಲಿನ ಒಳಮೈಗೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಮೀಟರಿನ ನಂಬರು, ಎಲ್ಲರ ರಕ್ತದ ಗುಂಪು, ನಾದಿನಿಯ ಫೋನು, ಅದರ ಕೆಳಗೆ ಇದು.

ಮನೆಯಲ್ಲಿ ಈಗ ಇದ್ದವಳು ಹೆಂಡತಿ ಒಬ್ಬಳೇ. ಫೋನ್ ಮಾಡಿ ಮಗಳು ಸ್ಪೀಕರ್ ಹಾಕಿದಳು.

"ಪೆಟ್ಟಿಗೆ ತೆಗಿ," ಎಂದ ಲೈನ್‌ಮನ್.

"ಯಾವ ಪೆಟ್ಟಿಗೆ?" ಎಂದಳು ಹೆಂಡತಿ.

"ಮೈನ್ ಪೆಟ್ಟಿಗೆ. ಕೈ ಒರೆಸ್ಕೋ ಮೊದ್ಲು. ರಬ್ಬರ್ ಚಪ್ಪಲಿ ಹಾಕ್ಕೋ."

"ರೀ, ನಲವತ್ತು ವರ್ಷದಿಂದ ಅದನ್ನ ಮುಟ್ಟಿದ್ರೆ ಸುಟ್ಟು ಕರಕಲಾಗ್ತೀಯ ಅಂದವರು ನೀವು. ಈಗ ತೆಗಿ ಅಂತೀರಲ್ಲ, ಹೊಸ ಹೆಂಡತಿ ಏನಾದ್ರೂ ನೋಡಿಟ್ಟಿದ್ದೀರಾ?"

ಸ್ಕ್ರೂ ಅಕ್ಕ ನಕ್ಕಳು. ಮಗಳು ನಗಲಿಲ್ಲ. "ಅಮ್ಮಾ, ನನಗೋಸ್ಕರ," ಎಂದಳು. ಚಪ್ಪಲಿಯ ಸದ್ದು ಕೇಳಿಸಿತು, ಸ್ಟೂಲು ಎಳೆದ ಸದ್ದು, ಆಮೇಲೆ ಚಿಲಕದ ಕಿರ್ ಎಂಬ ದನಿ. ಬರೀ ಬಾಗಿಲು ಮುಟ್ಟು, ಒಳಗೆ ಬೆರಳು ತೋರಿಸಬೇಡ ಎಂದು ಲೈನ್‌ಮನ್ ಮೂರು ಸಲ ಹೇಳಿದ. ಅವಳು ಮೊದಲು ಓದಿದ್ದು ತನ್ನ ತಂಗಿಯ ಫೋನ್ ನಂಬರು. ಇದು ಅವಳದಲ್ವಾ ಎಂದು ಸಂತೋಷವನ್ನೂ ಪಟ್ಟಳು. ಅದರ ಕೆಳಗಿನದು ಎಂದಾಗ ಕನ್ನಡಕ ತರಲು ಹೋದಳು. ಗಡಿಯಾರದಲ್ಲಿ ಒಂದು ಗಂಟೆ ದಾಟಿತು.

ನಾಲ್ಕು ಗುಂಪು ಸರಾಗವಾಗಿ ಹೋದವು. ಐದನೆಯದನ್ನು ಯಂತ್ರ ಒಪ್ಪಲಿಲ್ಲ. ಇನ್ನೊಮ್ಮೆ ಓದಿಸಿದರು, ಅದೇ ಆರು ಅಂಕಿ. ಮತ್ತೆ ತಪ್ಪು.

ಲೈನ್‌ಮನ್ ಕಣ್ಣು ಮುಚ್ಚಿದ. ಬರೆದ ದಿನ ಸ್ಟೂಲಿನ ಮೇಲೆ ಕತ್ತು ಓರೆ ಮಾಡಿ ನಿಂತದ್ದು ನೆನಪಾಯಿತು. "ಅದರಲ್ಲಿ ಒಂದು ಅಂತ ಓದಿದ್ಯಲ್ಲ, ಅದಕ್ಕೆ ತಲೆ ಬಾಗಿದೆಯಾ?"

"ಬಾಗಿದೆ."

"ನಡುವೆ ಅಡ್ಡ ಗೀಟು?"

"ಗೀಟೂ ಇಲ್ಲ, ಏನೂ ಇಲ್ಲ. ಅಲ್ಲಿ ಚಿಲಕ ಉಜ್ಜಿ ಉಜ್ಜಿ ಮಾಸಿದೆ."

"ಹಾಗಾದ್ರೆ ಅದು ಏಳು. ನಾನು ಒಂದನ್ನ ನೆಟ್ಟಗೆ ಕಂಬದ ಹಾಗೆ ಎಳೀತೀನಿ, ತಲೆ ಬಗ್ಗಿಸಲ್ಲ."

"ಅದು ಗೊತ್ತಿದೆ," ಎಂದಳು ಹೆಂಡತಿ.

ಸ್ಕ್ರೂ ಅಕ್ಕ ಏಳು ಒತ್ತಿದಳು. ಯಂತ್ರ ಒಪ್ಪಿತು. ಆರನೆಯ, ಏಳನೆಯ, ಎಂಟನೆಯ ಗುಂಪುಗಳೂ ಹೋದವು. ಬೀಗ ತೆರೆಯಿತು.

ಆಮೇಲಿನದು ಕಾಯುವ ಕೆಲಸ. ಅರ್ಧ ಸಾಗಿಸಿದ ಸಾಮಾನನ್ನು ಯಂತ್ರ ತಾನೇ ವಾಪಸ್ ಹೊರುತ್ತಿತ್ತು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾಗದು, ಆದರೆ ಈಗ ಮತ್ತೆ ನಿಂತರೆ ತನ್ನ ಕೈಯಲ್ಲೂ ಆಗದು ಎಂದಳು ಸ್ಕ್ರೂ ಅಕ್ಕ. ಅಷ್ಟರಲ್ಲಿ ಅಂಗಡಿಯ ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು. ಲೈನ್‌ಮನ್ ಮೇಜಿನ ಕೆಳಗೆ ಬಗ್ಗಿ ನೋಡಿದ. ಸಡಿಲವಾಗಿದ್ದ ಲ್ಯಾಪ್‌ಟಾಪಿನ ಪ್ಲಗ್ಗು ವೈರಿನ ಭಾರಕ್ಕೆ ಜೋತುಬಿದ್ದಿತ್ತು. ಅವನು ನೆಲದ ಮೇಲೆ ಮಂಡಿಯೂರಿ ಅದನ್ನು ಅಂಗೈಯಲ್ಲಿ ಗೋಡೆಗೆ ಒತ್ತಿ ಹಿಡಿದ. ಮಂಡಿ ನೋವೆಂದು ನೆಲದಲ್ಲಿ ಕೂರುವುದನ್ನೇ ಬಿಟ್ಟವನು ಮುಕ್ಕಾಲು ಗಂಟೆ ಹಾಗೇ ಇದ್ದ. ಮೇಲೆ ಏನಾಗುತ್ತಿದೆ ಎಂದು ಅವನಿಗೆ ಕಾಣುತ್ತಿರಲಿಲ್ಲ. ಕಂಡದ್ದು ಮಗಳ ಚಪ್ಪಲಿಗಳು ಮಾತ್ರ. ಎಡಗಾಲು ನೆಲ ಕುಟ್ಟುತ್ತಿತ್ತು. ಚಿಕ್ಕಂದಿನಲ್ಲಿ ಪರೀಕ್ಷೆಯ ದಿನ ಹೀಗೇ ಕುಟ್ಟುತ್ತಿದ್ದಳು.

ಎರಡೂ ಹತ್ತಕ್ಕೆ ಆ ಕಾಲು ನಿಂತಿತು.

"ಬಂತು," ಎಂದಳು ಸ್ಕ್ರೂ ಅಕ್ಕ. ಅವನು ಕೈ ಬಿಡಲಿಲ್ಲ. ನಕ್ಷೆ ತೆರೆದು, ಇಳಿಜಾರುಗಳೆಲ್ಲ ಇವೆಯೆಂದು ಮಗಳು ಒಂದೊಂದಾಗಿ ನೋಡಿ, ಎರಡು ಪೆನ್‌ಡ್ರೈವಿಗೆ ಹಾಕಿಕೊಂಡು, "ಸಾಕು ಅಪ್ಪ, ಬಿಡು," ಎಂದ ಮೇಲೆ ಬಿಟ್ಟ.

ಸಮಿತಿಯ ಕಚೇರಿಗೆ ಅರ್ಧ ಗಂಟೆಯ ದಾರಿ. ಬಾಗಿಲವರೆಗೆ ಓಡಿದ ಮಗಳು ತಿರುಗಿ ನಿಂತಳು. "ಮೈನ್ ತೆಗೆದಿದ್ದಕ್ಕೆ ನಂಗೆ ಕೋಪ ಇಲ್ಲ. ನಾನು ಕೇಳಿದಾಗ ಫ್ಯಾನು ನೋಡ್ತಾ ನಿಂತ್ಯಲ್ಲ, ಅದಕ್ಕೆ." ಉತ್ತರಕ್ಕೆ ಕಾಯದೆ ಹೋದಳು.

ಸ್ಕ್ರೂ ಅಕ್ಕ ಅವನಿಗೆ ಕೈಕೊಟ್ಟು ಎಬ್ಬಿಸಿ ಕುರ್ಚಿ ಎಳೆದಳು. "ಈಗ ಕೂತ್ಕೊಳ್ಳಿ. ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿ ಕೊಡ್ತೀನಿ, ತಗೊಂಡ್ಹೋಗಿ, ನಿಮ್ಮಂಥವರ ಮನೇಲಿ ಅದಿಲ್ಲದೆ ಆಗಲ್ಲ."

ಸಂಜೆ ಮಗಳು ಬಂದಳು. ಮೂರಕ್ಕೆ ಐದು ನಿಮಿಷ ಇರುವಾಗ ಒಳಗೆ ಹೋದಳಂತೆ. ಸಮಿತಿಯಲ್ಲಿದ್ದ ಒಬ್ಬ ವಯಸ್ಸಾದ ಟೀಚರು, ಅವರಿಗೂ ಕಿವಿ ಕೇಳದು, ಇಳಿಜಾರಿನ ಮೇಲೆ ಎರಡು ಬೆರಳುಗಳನ್ನು ಮಗುವಿನ ಕಾಲುಗಳಂತೆ ನಡೆಸಿಕೊಂಡು ಮೇಲೆ ಹೋದರಂತೆ, ಕೆಳಗೆ ಬಂದರಂತೆ, ಆಮೇಲೆ ತಲೆಯಾಡಿಸಿದರಂತೆ. ಸೋಮವಾರ ಮತ್ತೆ ಬರಲು ಹೇಳಿದ್ದಾರೆ. ಇಷ್ಟನ್ನೂ ಅವಳು ಹೇಳಿದ್ದು ಅಮ್ಮನಿಗೆ. ಆದರೆ ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ.

ಕೈಕಾಲು ತೊಳೆಯಲು ಹೋದವಳು ಕತ್ತಲ ಬಚ್ಚಲಿನಿಂದ ಹೊರಗೆ ಬಂದಳು. "ಬಲ್ಬು ಇನ್ನೂ ಹಾಕಿಲ್ವಾ?"

"ನೀನು ಬರ್ಲಿ ಅಂತಿದ್ದೆ," ಎಂದ ಲೈನ್‌ಮನ್.

ಅವನು ಸ್ಟೂಲು ತಂದು ಹತ್ತಿ ನಿಂತ. ಇಳಿದು ಹೋಗಿ ಮೈನ್ ತೆಗೆದು ಮತ್ತೆ ಹತ್ತಲು ಇವತ್ತು ಮಂಡಿ ಒಪ್ಪುವುದಿಲ್ಲ ಎಂದು ಅಲ್ಲಿಗೆ ಹತ್ತಿದ ಮೇಲೇ ತಿಳಿಯಿತು. ಹೆಂಡತಿ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಪೆಟ್ಟಿಗೆಯ ಕಡೆ ನಡೆದಳು.

"ಮೈನ್ ತೆಗೀತಿದ್ದೀನಿ," ಎಂದು ಕೂಗಿದಳು.

"ಹೂಂ," ಎಂದ ಲೈನ್‌ಮನ್ ಬಚ್ಚಲಿನಿಂದ.

ಕೋಣೆಯಿಂದ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ಹೆಂಡತಿ ಕೈ ತಡೆದು ನಿಂತಿದ್ದಳು. ಅವನೂ ಬಲ್ಬು ಹಿಡಿದು ಕಾದ.

"ಹೂಂ, ತೆಗಿ ಅಮ್ಮಾ," ಎಂದಳು ಮಗಳು.

ಖಟ್ ಎಂದು ಹಿಡಿ ಕೆಳಗಿಳಿಯಿತು. ನಡುಮನೆಯ ಫ್ಯಾನು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು. ಮಗಳ ಕೋಣೆಯ ಬಾಗಿಲಿನ ಸಂದಿಯಿಂದ ಲ್ಯಾಪ್‌ಟಾಪಿನ ಬೆಳಕು ಮಾತ್ರ ಹಾಗೇ ನೆಲದ ಮೇಲೆ ಬಿದ್ದಿತ್ತು.