ಮುಚ್ಚಳದೊಳಗಿನ ಕುದುರೆ

"ತೂತು ಬಿದ್ದಿಲ್ಲ, ತುಕ್ಕು ಇಡ್ದಿಲ್ಲ. ಮತ್ಯಾಕ್ ಸಾಬ್ರೇ ಟ್ರಂಕ್ ತಗೀಬೇಕು?" ದೊಡ್ಡಮಲ್ಲಮ್ಮ ಅವರೆಕಾಳಿನ ಮೊರವನ್ನು ಕೆಳಗಿಟ್ಟು ಕೇಳಿದಳು.

ಉಡಿಗಾಲ ಹಳ್ಳಿಯ ಆ ಮನೆಯ ಜಗಲಿಯ ತುದಿಯಲ್ಲಿ ಕೂತಿದ್ದ ಲಿಯಾಕತ್ ಅಲಿ, ತಾನು ತಂದಿದ್ದ ಲಕ್ಷ್ಮಿಯ ಪಟದ ಸುರುಳಿಯನ್ನು ಬಿಚ್ಚಿ ತೋರಿಸಿದ. "ಮುಚ್ಚಳದ ಒಳಗಡೆ ಅಂಟಿಸಿರೋ ಪಟ ಬೇರೆ ಆಗೋಗಿದೆ ಅಮ್ಮಾವ್ರೇ. ನಮ್ಮ ಬಾಮೈದ ಮಾಡಿದ ತಪ್ಪು. ಅದನ್ನ ಕಿತ್ಕೊಂಡು ಈ ಲಕ್ಷ್ಮಮ್ಮನ್ನ ಅಂಟಿಸಿಕೊಟ್ಟು ಹೋಗ್ತೀನಿ. ಕಾಸು ಬೇಡ."

"ಕಾಸು ಬ್ಯಾಡ ಅಂತ ನಗರದಿಂದ ಈ ಬಿಸ್ಲಲ್ಲಿ ನಡ್ಕ ಬಂದ್ರಾ? ನಿಮ್ಮಂತೋರು ಅಂಗ್ಡಿ ಮಡಗಿ ಬದುಕ್ದಂಗೇಯ ಬುಡಿ!"

ಲಿಯಾಕತ್ ನಕ್ಕ. ನಿಜ ಹೇಳುವುದಾದರೂ ಹೇಗೆ? ಚಾಮರಾಜನಗರದಲ್ಲಿ ಅವನದು ತಗಡಿನ ಟ್ರಂಕು ಮಾಡುವ ಅಂಗಡಿ. ಮದುವೆಯ ಟ್ರಂಕಿನ ಮುಚ್ಚಳದ ಒಳಗೆ ಒಂದು ಪಟ ಅಂಟಿಸಿ ಕೊಡುವುದು ವಾಡಿಕೆ. ಆ ಪಟಗಳಿಗೆಂದು ಹಳೆಯ ಕ್ಯಾಲೆಂಡರು ಹುಡುಕಿಕೊಂಡು ಗುಂಡ್ಲುಪೇಟೆಯ ಗುರುಸಿದ್ದಯ್ಯನ ದಿನಸಿ ಅಂಗಡಿಗೆ ಹೋದವನ ಕಣ್ಣಿಗೆ, ಪೊಟ್ಟಣ ಕಟ್ಟಲು ತಂದಿದ್ದ ರದ್ದಿಯಲ್ಲಿ ಮೊದಲ ಸಲ ಆ ಪುಸ್ತಕಗಳು ಬಿದ್ದವು. ನೀಲಗಿರಿಯ ಬಂಗಲೆಗಳನ್ನು ಖಾಲಿ ಮಾಡಿಕೊಂಡು ಇಂಗ್ಲೆಂಡಿಗೆ ಹೊರಟ ಬಿಳಿ ದೊರೆಗಳ ಮಕ್ಕಳು ಬಿಟ್ಟುಹೋದ ಚಿತ್ರಕತೆಯ ಪುಸ್ತಕಗಳು. ಅಂಗೈಗಿಂತ ಕೊಂಚ ದೊಡ್ಡವು. ಒಳಗೆಲ್ಲ ಕಪ್ಪು ಗೀಟು, ಮೇಲಿನ ಹೊದಿಕೆ ಮಾತ್ರ ಬಣ್ಣ. ಆದರೆ ಎಂಥ ಬಣ್ಣ! ಒಳಹಾಳೆಗಳನ್ನು ಗುರುಸಿದ್ದಯ್ಯನ ಬೆಲ್ಲಕ್ಕೇ ಬಿಟ್ಟು, ಲಿಯಾಕತ್ ಹೊದಿಕೆಗಳನ್ನಷ್ಟೇ ಬಿಡಿಸಿಕೊಂಡು ಬಂದ. ಆಮೇಲೆ ತಿಂಗಳಿಗೊಮ್ಮೆಯಾದರೂ ಗುಂಡ್ಲುಪೇಟೆಯ ಬಸ್ಸು ಹತ್ತದಿದ್ದರೆ ಅವನಿಗೆ ಆಗುತ್ತಿರಲಿಲ್ಲ. ಒಂದನ್ನೂ ಟ್ರಂಕಿಗೆ ಅಂಟಿಸಲು ಮನಸ್ಸು ಬರಲಿಲ್ಲ.

ಇಂಗ್ಲಿಷು ಅವನಿಗೆ ಬಾರದು. ನೋಡಿ ನೋಡಿ ಚಿತ್ರ ಬರೆದವನ ಕೈಯ ಗುರುತು ಮಾತ್ರ ಸಿಕ್ಕಿತು. ಅರವತ್ತು ಹೊದಿಕೆಗಳಲ್ಲಿ ಹತ್ತನ್ನು ಬರೆದವನು ಒಬ್ಬನೇ. ಎಲ್ಲಿಯೂ ರುಜುವಿಲ್ಲ, ಆದರೆ ಕುದುರೆಯ ಕಣ್ಣನ್ನು ಹಾಗೆ ಬರೆಯುವವನು ಇನ್ನೊಬ್ಬನಿರಲಾರ. "ಬಿಳೀ ಬೀಬಿಯನ್ನ ಕಟ್ಕೊಂಡಿದ್ರೂ ಇಷ್ಟು ಹೊತ್ತು ಮುಖ ನೋಡ್ತಿರಲಿಲ್ಲ ನೀವು," ಎಂದು ಹೆಂಡತಿ ಕರೀಮುನ್ನೀಸಾ ಚುಚ್ಚುತ್ತಿದ್ದಳು.

ಆ ಹತ್ತರಲ್ಲಿ ಎಲ್ಲಕ್ಕಿಂತ ಚೆಲುವಾದದ್ದೇ ಕೈತಪ್ಪಿತ್ತು. ಲಿಯಾಕತ್ ಚಳಿಜ್ವರದಲ್ಲಿ ಮಲಗಿದ್ದಾಗ, ಮದುವೆಯವರ ಗಾಡಿ ಅಂಗಡಿಯ ಮುಂದೆ ನಿಂತು ಅವಸರ ಮಾಡಿದ್ದಕ್ಕೆ, ಬಾಮೈದ ಮಹಬೂಬ್ ಕೈಗೆ ಸಿಕ್ಕಿದ್ದನ್ನು ಅಂಟಿಸಿ ಕಳಿಸಿಬಿಟ್ಟಿದ್ದ. ಆ ಟ್ರಂಕು ಯಾವ ಊರು ಸೇರಿತೆಂದು ಪತ್ತೆ ಹಚ್ಚಲು ಎಂಟು ತಿಂಗಳು ಹಿಡಿಯಿತು.

"ಲಕ್ಸ್ಮಮ್ಮ ಚೆಂದಾಗವ್ಳೆ," ಎಂದಳು ದೊಡ್ಡಮಲ್ಲಮ್ಮ. "ಆದ್ರೆ ಅದು ತವರಿನ ಟ್ರಂಕು. ನನ್ ಸೊಸೆ ತಗುದ್ರೇನೆ ಉಂಟು, ನಾನು ಬೀಗ ಮುಟ್ಟಂಗಿಲ್ಲ. ಕೂತಿರಿ, ಬತ್ತಾಳೆ."

ಸೊಸೆ ಪುಟ್ಟಮಲ್ಲಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದಳು. ಹದಿನೇಳಿರಬಹುದು. ವಿಷಯ ಕೇಳಿದವಳು ಒಳಗೆ ಹೋಗಿ, ಅತ್ತೆಯೊಂದಿಗೆ ಟ್ರಂಕನ್ನು ಜಗಲಿಗೆ ತಂದಿಟ್ಟು, ಸೊಂಟದ ಬೀಗದಕೈ ತೆಗೆದು ಮುಚ್ಚಳ ಎತ್ತಿದಳು.

ಇತ್ತು. ಬಂಡೆಯ ಅಂಚಿನಲ್ಲಿ ಮುಂಗಾಲೆತ್ತಿದ ಬಿಳಿ ಕುದುರೆ, ಮೇಲೆ ಕತ್ತಿ ಗುರಾಣಿ ಹಿಡಿದ ಮೀಸೆಯ ಸವಾರ. ಸವಾರನ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಕುದುರೆಯ ನೆತ್ತಿಗೊಂದು ಕುಂಕುಮದ ಬೊಟ್ಟು. ಲಿಯಾಕತ್ ಕತ್ತು ಚಾಚಿ ನೋಡಿದ. ಕುದುರೆಯ ಕಣ್ಣಿಗೆ ಮಾತ್ರ ಏನೂ ತಾಗಿರಲಿಲ್ಲ.

"ಯಾ ಅಲ್ಲಾ," ಎಂದ ಮೆಲ್ಲಗೆ.

"ಈರಭದ್ರ ದೇವ್ರು ಕಣಪ್ಪಾ," ಎಂದಳು ದೊಡ್ಡಮಲ್ಲಮ್ಮ. "ಇವಳು ಬಂದ ದಿವ್ಸ ನಾನೇ ಗುರುತು ಇಡ್ದೆ. ಕತ್ತಿ ಅದೆ, ಗುರಾಣಿ ಅದೆ, ಮೀಸೆ ಅದೆ. ಸ್ವಾಮಾರ ಸ್ವಾಮಾರ ಇವಳೇ ಈಬೂತಿ ಇಕ್ಕದು. ಇದನ್ನ ತಪ್ಪು ಅಂತೀರಲ್ಲ ನೀವು? ಇರಿ, ನೀರು ತತ್ತೀನಿ, ಬಾಯಿ ಒಣಗೋಗದೆ ನಿಮ್ದು."

ಅತ್ತೆ ಒಳಕ್ಕೆ ಹೋದದ್ದೇ ತಡ, ಪುಟ್ಟಮಲ್ಲಮ್ಮ ದನಿ ತಗ್ಗಿಸಿದಳು. "ಇದು ದೇವ್ರಲ್ಲ. ನಂಗೊತ್ತು."

"ಹೆಂಗೆ ಗೊತ್ತು ತಾಯಿ?"

"ಮೂಲೆ ಎದ್ದದೆ ನೋಡಿ. ಬೆನ್ನಿಂದೆ ಸೈಕಲ್ ಚಿತ್ರ ಅದೆ. ಯಾವ ದೇವ್ರ ಬೆನ್ನಿಗೆ ಸೈಕಲ್ ಇದ್ದದು?" ಅವಳಿಗೆ ನಗು ಬಂತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಅತ್ಯಮ್ಮಂಗೆ ಏಳ್ಬ್ಯಾಡಿ. ದೇವ್ರಲ್ಲ ಅಂದ್ರೆ ಈಗ್ಲೇ ಕಿತ್ತಾಕ್ಬುಡ್ತಾರೆ."

"ಕಿತ್ತರೆ ಏನಾಯ್ತು? ಲಕ್ಷ್ಮಮ್ಮ ಇದ್ದಾಳಲ್ಲ."

ಪುಟ್ಟಮಲ್ಲಮ್ಮ ಪಟದ ಕಡೆ ತಿರುಗಿದಳು. "ಕುದ್ರೆ ಕಣ್ಣು ನೋಡಿ. ಮುಂದೆ ನೆಲ ಇಲ್ಲ ಅಂತ ಅದಕ್ಕೆ ಗೊತ್ತಾಗದೆ. ಮ್ಯಾಲೆ ಕುಂತಿರೋನ್ಗೆ ಇನ್ನೂವೆ ಗೊತ್ತಾಗಿಲ್ಲ. ಈ ಮನೆಗೆ ಬಂದ ದಿವ್ಸ ಮುಚ್ಚಳ ತಗುದ್ರೆ ಅದು ನನ್ನೇ ನೋಡ್ತಿತ್ತು."

ಲಿಯಾಕತ್ ಪಟ ಬಿಟ್ಟು ಅವಳ ಮುಖ ನೋಡಿದ. ಮೂರು ವರ್ಷದಿಂದ ಆ ಕೈಯ ಹೊದಿಕೆಗಳನ್ನು ಅವನು ಬಂದವರಿಗೆಲ್ಲ ತೋರಿಸಿದ್ದ. ಬಣ್ಣ ಚೆನ್ನಾಗಿದೆ ಅಂದವರಿದ್ದರು, ಹುಚ್ಚು ಅಂದವರಿದ್ದರು. ಕಣ್ಣಿನ ಮಾತು ಯಾರೂ ಎತ್ತಿರಲಿಲ್ಲ.

ದೊಡ್ಡಮಲ್ಲಮ್ಮ ನೀರು ಬೆಲ್ಲ ತಂದಿಟ್ಟು ಎದುರಿಗೆ ಕೂತಳು. "ಈಗ ನಿಜ ಏಳಿ ಸಾಬ್ರೇ. ಅಂಟ್ಸಿದ್ದು ನಿಮ್ ಅಂಗ್ಡೀಲಿ. ಇದು ಈರಭದ್ರ ಅಲ್ವಾ? ಅಲ್ಲ ಅನ್ನಂಗಿದ್ರೆ ಏಳ್ಬುಡಿ, ಈಗ್ಲೇ ಕಿತ್ತು ನಿಮ್ ಕೈಗೆ ಕೊಡ್ತೀನಿ. ಎಂಟು ತಿಂಗ್ಳಿಂದ ಯಾವನ್ಗೋ ಈಬೂತಿ ಇಕ್ಕಿದ್ರೆ ನಾನೇ ತಪ್ಪುಗಾಣ್ಕೆ ಕಟ್ತೀನಿ."

ಒಂದೇ ಒಂದು ಮಾತು ಸಾಕಾಗಿತ್ತು. ಸುಳ್ಳೂ ಅಲ್ಲ ಅದು. ಪುಟ್ಟಮಲ್ಲಮ್ಮ ಅತ್ತೆಯ ಹಿಂದೆ, ಒಂದು ಕೈಯಲ್ಲಿ ಮುಚ್ಚಳ ಹಿಡಿದು ನಿಂತಿದ್ದಳು. ಅವಳು ಅವನನ್ನು ನೋಡುತ್ತಿರಲಿಲ್ಲ. ಪಟವನ್ನೇ, ಇನ್ನೊಂದು ಸಲ ಸಿಗುತ್ತದೋ ಇಲ್ಲವೋ ಎನ್ನುವ ಹಾಗೆ ನೋಡುತ್ತಿದ್ದಳು.

ಲಿಯಾಕತ್ ನೀರು ಪೂರ್ತಿ ಕುಡಿದು ಚೊಂಬನ್ನು ಕೆಳಗಿಟ್ಟ.

"ನಿಮ್ಮ ದೇವ್ರ ಗುರುತು ನಿಮಗೆ ಸಿಗಬೇಕು ಅಮ್ಮಾವ್ರೇ, ನನ್ನ ಕೇಳಿದ್ರೆ? ಬರ್ದಿರೋನು ಮಾತ್ರ ಭಾರಿ ಕೈ. ವಿಭೂತಿ ಬಿದ್ದಿರೋದನ್ನ ಕೀಳೋಕೆ ನನಗಾಗಲ್ಲ. ಇರಲಿ."

"ಅಂಗನ್ನಿ ಮತ್ತೆ!" ದೊಡ್ಡಮಲ್ಲಮ್ಮ ಗೆದ್ದವಳಂತೆ ತೊಡೆ ತಟ್ಟಿದಳು. "ಲಕ್ಸ್ಮಮ್ಮನ್ನ ಮಾತ್ರ ವಾಪಸ್ ತಕ್ಕಂಡ್ ಓಗ್ಬ್ಯಾಡಿ. ನಡುಮನೆ ಗೋಡೆ ಬರಿದಾಗದೆ."

"ಮಡಿಕ್ಕೊಳ್ಳಿ," ಎಂದು ಲಿಯಾಕತ್ ಎದ್ದು ಎರಡು ಹೆಜ್ಜೆ ಇಟ್ಟವನು ನಿಂತ. "ತಾಯಿ, ನಾಲ್ಕು ಅಗುಳು ಅನ್ನ ಇದ್ರೆ ಕೊಡಿ."

ಪುಟ್ಟಮಲ್ಲಮ್ಮ ಅಂಗೈಯಲ್ಲಿ ಅನ್ನ ತಂದಳು. ಅವನು ಅಗುಳುಗಳನ್ನು ಬೆರಳ ತುದಿಯಲ್ಲಿ ನುಣ್ಣಗೆ ಹಿಸುಕಿ, ಎದ್ದಿದ್ದ ಮೂಲೆಯ ಅಡಿಗೆ ಸವರಿದ. ಅವಳು ಮುಚ್ಚಳವನ್ನು ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದಳು. ಲಿಯಾಕತ್ ಆ ಮೂಲೆಯ ಮೇಲೆ ಹೆಬ್ಬೆರಳನ್ನು ಒತ್ತಿ, ಒಣಗುವವರೆಗೂ ಹಾಗೇ ಬಗ್ಗಿ ನಿಂತುಕೊಂಡ.